ಲೋಮಿಲೋಮಿ ಕಲಿಸಿದ ಕೈಗಳಿಗೆ ನಮ್ಮ ನಮಸ್ಕಾರ

ಹವಾಯಿಯ ಪಾರಂಪರಿಕ ಮಸಾಜ್ ಆದ ಲೋಮಿಲೋಮಿ ಕಲಿತ ನಮ್ಮ ಗುಂಪಿನ ಎಲ್ಲರಿಗೂ ಹವಾಯಿ ರಾಜ್ಯದ ಮಸಾಜ್ ಪರವಾನಗಿ ಸಿಕ್ಕಿದೆ. ಅದಕ್ಕೆ ಕಾನೂನು ಕೇಳುವುದು 570 ಗಂಟೆಗಳ ತರಬೇತಿ. ಅದರಲ್ಲಿ 420 ಗಂಟೆ ಕೈಯಿಂದ ಮಾಡಿಯೇ ಕಲಿಯಬೇಕು. ಇಷ್ಟು ಕಲಿಯಲು ಎಷ್ಟೋ ಜನ ತಮ್ಮ ಹೊತ್ತು ಕೊಟ್ಟಿದ್ದಾರೆ, ಅಭ್ಯಾಸಕ್ಕೆ ತಮ್ಮ ಬೆನ್ನನ್ನೇ ಕೊಟ್ಟಿದ್ದಾರೆ. ಯಾರಿಂದ ಏನು ಕಲಿತೆವೆಂದು ಬಿಡಿಸಿ ಹೇಳಿದರೇನೇ ಅವರಿಗೆ ಸಲ್ಲಬೇಕಾದ ವಂದನೆ ಸಲ್ಲುತ್ತದೆ. ಊರಿನಲ್ಲಿರುವ ನಮ್ಮವರೂ ಓದಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಮಾರ್ಗರೆಟ್ ಮಚಾಡೊ (1916–2009) ಅವರ ನೆನಪಿಗೆ. ದ್ವೀಪದವರೆಲ್ಲರಿಗೂ ಅವರು ‘ಆಂಟಿ ಮಾರ್ಗರೆಟ್’. ಲೋಮಿಲೋಮಿ ಮನೆತನದೊಳಗೇ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತಿದ್ದ ವಿದ್ಯೆ. ಅವರಿಗೂ ಅದು ಅಜ್ಜನಿಂದ ಬಂದದ್ದು. 1970ರ ದಶಕದಲ್ಲಿ ಅವರು ಹೊರಗಿನವರಿಗೂ ಅದನ್ನು ಕಲಿಸತೊಡಗಿದರು. ಹವಾಯಿ ದ್ವೀಪದ ದಕ್ಷಿಣ ಕೊನಾ ಪ್ರದೇಶದ ಕೆಎಯಿ ಕಡಲತೀರದ ಅವರ ಮನೆಬಾಗಿಲು ತೆರೆಯದೇ ಇದ್ದಿದ್ದರೆ, ನಮ್ಮಂಥ ದೂರದೇಶದವರಿಗೆ ಈ ವಿದ್ಯೆ ದಕ್ಕುತ್ತಿರಲಿಲ್ಲ.

ಎರಡನೆಯದು ನಮ್ಮ ಕುಮುಗಳಿಗೆ, ಅಂದರೆ ಗುರುಗಳಿಗೆ. ಒತ್ತುವ ಕೈಗಿಂತ ಮೊದಲು ತಿಳಿಯುವ ಕೈ ಬೇಕು ಎಂಬುದು ಅವರ ಪಟ್ಟು. ಮುಟ್ಟಿ ರೋಗ ತಿಳಿಯುವ ಹಾಹಾ ವಿದ್ಯೆಯನ್ನು ಹಿಂದಿನ ಕಾಲದಲ್ಲಿ ಬೆಣಚುಕಲ್ಲುಗಳನ್ನು ಮನುಷ್ಯನ ಆಕಾರದಲ್ಲಿ ಜೋಡಿಸಿ ಕಲಿಸುತ್ತಿದ್ದರು. ಮೈಯ ಯಾವ ಭಾಗದಲ್ಲಿ ಏನಿದೆ ಎಂಬುದು ಬಾಯಿಗೂ ಬೆರಳಿಗೂ ಬಂದ ಮೇಲಷ್ಟೇ ಜೀವಂತ ಮೈ ಮುಟ್ಟಲು ಬಿಡುತ್ತಿದ್ದದ್ದು. ನಮಗೂ ಅದೇ ಕ್ರಮ. ಮೊದಲು ಪುಲೆ, ಪ್ರಾರ್ಥನೆ. ಆಮೇಲೆ ಎಣ್ಣೆಯಿಲ್ಲದ ಒಣ ಅಂಗೈಯನ್ನು ಬೆನ್ನ ಮೇಲೆ ಭಾರ ಹಾಕದೆ ಇಟ್ಟು, ಮಲಗಿದವರ ಉಸಿರಿನ ಏರಿಳಿತ ಗಮನಿಸುವುದು. ಎಲ್ಲಿ ಬಿಸಿ, ಎಲ್ಲಿ ತಣ್ಣಗೆ, ಎಲ್ಲಿ ಬಿಗಿ, ಮುಟ್ಟಿದೊಡನೆ ಎಲ್ಲಿ ಉಸಿರು ಹಿಡಿಯುತ್ತಾರೆ ಎಂದು ನೋಡಿಕೊಂಡ ಮೇಲೆ ಎಣ್ಣೆ. ಈ ಹಂತವನ್ನು ಹಾರಿಸಿ ಎಣ್ಣೆಗೆ ಕೈಹಾಕಿದರೆ ಕೈ ಜಾರುತ್ತದೆ, ಚರ್ಮದ ಕೆಳಗಿನ ಸಣ್ಣ ಗಂಟುಗಳು ತಿಳಿಯುವುದೇ ಇಲ್ಲ.

ಬೆನ್ನಿಗೆ ದುಡಿಯುವುದು ಮುಂದೋಳು. ಅದರ ಒಳಬದಿಯ ಮೆತ್ತನೆಯ ಭಾಗವನ್ನು ಬೆನ್ನೆಲುಬಿನ ಪಕ್ಕದ ಸ್ನಾಯುವಿನ ಮೇಲಿಟ್ಟು, ನಮ್ಮ ಸೊಂಟದಿಂದ ಮುಂದಕ್ಕೆ ವಾಲಿ, ಮಲಗಿದವರ ಸೊಂಟದಿಂದ ಹೆಗಲವರೆಗೆ ಒಂದೇ ಓಟದಲ್ಲಿ ನೀವಬೇಕು. ಹೆಗಲ ಹಲಗೆ ಮೂಳೆಯನ್ನು ಸುತ್ತಿ ಪಕ್ಕೆಯಿಂದ ಇಳಿದು ಬರಬೇಕು. ಮೂಳೆಯ ಮೇಲೆ ಭಾರ ಬೀಳಬಾರದು. ಕೊನೆಯ ಪಕ್ಕೆಲುಬಿನ ಕೆಳಗೆ ಮೂತ್ರಪಿಂಡ ಇರುವ ಜಾಗದಲ್ಲಿ ಮೊಣಕೈ ಬೇಡವೇ ಬೇಡ. ಮೇಜಿನ ಎತ್ತರದ ಬಗ್ಗೆ ನಮ್ಮ ಒಬ್ಬ ಕುಮು ಬೇಸರವಿಲ್ಲದೆ ದಿನವೂ ಹೇಳುತ್ತಿದ್ದರು: ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟಾಗ ಬೆರಳ ಗೆಣ್ಣು ಮೇಜಿಗೆ ತಾಗಬೇಕು, ಮಲಗಿದವರ ಮೈ ದಪ್ಪವಿದ್ದರೆ ಇನ್ನಷ್ಟು ಇಳಿಸಬೇಕು. ಮೇಜು ಎತ್ತರವಾದರೆ ಮೈಭಾರ ಕೆಳಗಿಳಿಯುವುದಿಲ್ಲ. ತೋಳಿನ ಬಲದಲ್ಲೇ ಒತ್ತಬೇಕಾಗುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ, ಹೆಬ್ಬೆರಳಿನ ಬುಡ ಹಾಳಾಗುತ್ತದೆ. ಕೆಲಸ ಬಿಡುವ ಮಸಾಜಿನವರಲ್ಲಿ ಬಹಳ ಮಂದಿ ಬಿಡುವುದು ಕೈನೋವಿನಿಂದಲೇ. ಆ ಕುಮು ನಮಗೆ ಮುಂದಿನ ವರ್ಷಗಳನ್ನೇ ಉಳಿಸಿಕೊಟ್ಟಿದ್ದಾರೆ.

ಎಣ್ಣೆ ಕೊಟ್ಟವರಿಗೂ ಋಣಿಗಳು. ಬೆನ್ನಿಗೆ ಎರಡು ಟೀ ಚಮಚ ಸಾಕು, ಇಡೀ ಮೈಗೆ ಸುಮಾರು 30 ಮಿ.ಲೀ. ಎಣ್ಣೆನೀರಿನ ಅಭ್ಯಂಜನ ಕಂಡವರಿಗೆ ಇದು ತೀರ ಕಡಿಮೆ ಅನಿಸೀತು. ಆದರೆ ಇಲ್ಲಿ ಸ್ನಾಯು ಕೈಗೆ ಸಿಗಬೇಕು. ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ರೋಮ ಎಳೆದು ಮಾರನೆಯ ದಿನ ಸಣ್ಣ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಮೈಮೇಲೆ ನೇರ ಸುರಿಯದೆ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಟ್ಟದ ಮೇಲಿನ ಊರುಗಳಲ್ಲಿ ಇದು ದಿನದ ತೊಂದರೆ. ಹವಾಯಿಯ ಕುಕುಯಿ ಮರದ ಕಾಯಿಯ ಎಣ್ಣೆ ತೆಳು, ಬೇಗ ಇಂಗುತ್ತದೆ, ಅಷ್ಟೇ ಬೇಗ ಕಮಟು ಹಿಡಿಯುತ್ತದೆ; ಕಪ್ಪು ಬಾಟಲಿಯಲ್ಲಿ ತಂಪಿನಲ್ಲಿಡಬೇಕು. ಬೀಜಗಳ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಬೇಕು. ಹಸಿ ಕುಕುಯಿ ಬೀಜವನ್ನು ಯಾರೂ ತಿನ್ನಬಾರದು, ಜೋರಾಗಿ ಭೇದಿಯಾಗುತ್ತದೆ.

ಟವೆಲ್ ಒಗೆದುಕೊಟ್ಟವರನ್ನು ಇಲ್ಲಿ ಮರೆಯಲಾರೆವು. ಎಣ್ಣೆ ಉಳಿದ ಟವೆಲ್ಲುಗಳನ್ನು ಡ್ರೈಯರ್‌ನಿಂದ ಬಿಸಿಬಿಸಿಯಾಗಿ ತೆಗೆದು ಮಡಿಸಿ ಪೇರಿಸಿಟ್ಟರೆ ಒಳಗೊಳಗೇ ಕಾವು ಏರಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಕುಕುಯಿಯಂಥ ಎಣ್ಣೆಗಳಲ್ಲಿ ಈ ಅಪಾಯ ಹೆಚ್ಚು. ಬಿಸಿನೀರು, ಜಿಡ್ಡು ತೆಗೆಯುವ ಸೋಪು, ಪೂರ್ತಿ ತಣ್ಣಗಾದ ಮೇಲೆ ಮಡಿಸುವುದು. ಈ ನಿಯಮವನ್ನು ಅವರು ಒಂದು ದಿನವೂ ಸಡಿಲಿಸಲಿಲ್ಲ.

ಅಂಗರಚನೆ ಕಲಿಸಿದ ಮೇಷ್ಟ್ರುಗಳು ಕೊಟ್ಟದ್ದು ‘ಬೇಡ’ ಎನ್ನುವ ಧೈರ್ಯ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬಾರದು: ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅವರನ್ನು ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ಜ್ವರ, ಚರ್ಮದ ಸೋಂಕು, ಹೊಸ ಮೂಳೆಮುರಿತ ಇದ್ದಾಗಲೂ ಮಸಾಜ್ ಇಲ್ಲ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಗುರ ಕೈ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿಕಲ್ಲು ಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬೇರೆಯವರಿಗೂ ಕಲ್ಲನ್ನು ಮೊದಲು ನಮ್ಮದೇ ಮುಂದೋಳಿನ ಒಳಬದಿಗೆ ತಾಗಿಸಿ ನೋಡಿ, ‘ಟಿ’ ಎಂಬ ಗಿಡದ (ಚಹಾ ಅಲ್ಲ) ಅಗಲ ಎಲೆಯಲ್ಲೋ ಬಟ್ಟೆಯಲ್ಲೋ ಸುತ್ತಿಯೇ ಇಡಬೇಕು.

ಮುರಿದ ಸಂಬಂಧವನ್ನು ಸರಿಪಡಿಸುವ ಹವಾಯಿಯ ಪದ್ಧತಿ ಹೋಒಪೊನೊಪೊನೊ ಕುರಿತು ಕುಪುನಗಳು, ಅಂದರೆ ಹಿರಿಯರು, ತಾಳ್ಮೆಯಿಂದ ತಿಳಿಹೇಳಿದ್ದಕ್ಕೆ ಬೇರೆಯಾಗಿಯೇ ನಮಸ್ಕರಿಸಬೇಕು. ಅದರ ಹೆಸರಿನಲ್ಲಿ, ಕ್ಷಮೆ, ಕೃತಜ್ಞತೆ, ಪ್ರೀತಿ ಹೇಳುವ ನಾಲ್ಕು ವಾಕ್ಯಗಳನ್ನು ಒಬ್ಬರೇ ಜಪಿಸುವ ಪದ್ಧತಿ ಈಗ ಜಗತ್ತಿನಲ್ಲೆಲ್ಲ ಪ್ರಚಾರದಲ್ಲಿದೆ. ಅದು ಈಚಿನ ರೂಪ. ಹಳೆಯ ಪದ್ಧತಿಯಲ್ಲಿ ಮುನಿಸಿಕೊಂಡ ಮನೆಮಂದಿ ಹಿರಿಯರೊಬ್ಬರ ಮುಂದೆ ಕೂರುತ್ತಾರೆ. ಪ್ರಾರ್ಥನೆಯ ನಂತರ ಜಗಳದ ವಿಷಯ ಮುಂದಿಟ್ಟು, ಸಿಕ್ಕುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಮಾತೆಲ್ಲ ಹಿರಿಯರ ಮೂಲಕವೇ ಸಾಗುತ್ತದೆ. ಕೋಪ ಏರಿದರೆ ಎಲ್ಲರೂ ಸುಮ್ಮನಿರಬೇಕು. ಕ್ಷಮೆ ಕೇಳುವುದು, ಕೊಡುವುದು, ಪರಸ್ಪರ ಬಿಡುಗಡೆ ಮಾಡುವುದು ಆದ ಮೇಲೆ ಮುಕ್ತಾಯದ ಪ್ರಾರ್ಥನೆ, ಊಟ. ಮಸಾಜ್ ಮೇಜಿನ ಮೇಲೆ ಒಂದು ಗಂಟೆಯಲ್ಲಿ ಮುಗಿಸಿ ಹಣ ಪಡೆಯುವ ಕೆಲಸ ಇದಲ್ಲ. ನಾವು ಅದನ್ನು ನಮ್ಮ ದರಪಟ್ಟಿಯಲ್ಲಿ ಸೇರಿಸುವುದಿಲ್ಲ.

ಗಿಡಮೂಲಿಕೆಯ ಚಿಕಿತ್ಸೆ, ಲಾಔ ಲಪಾಔ, ಬೇರೆಯೇ ವಿದ್ಯೆ. ತೋಟ ತೋರಿಸಿದ ಹಿರಿಯರ ಜೊತೆ ನಡೆದಾಗ ಪರಿಚಿತ ಮುಖಗಳು ಹಲವು ಕಂಡವು: ಓಲೆನ ನಮ್ಮ ಅರಿಶಿನವೇ, ಪಾಲಿನೇಷ್ಯದವರು ದೋಣಿಯಲ್ಲಿ ತಂದು ನೆಟ್ಟದ್ದು, ಪೋಪೊಲೊ ನಮ್ಮ ಗಣಿಕೆ ಸೊಪ್ಪಿನ ಹತ್ತಿರದ ಬಳಗ. ಗಂಟಲುನೋವಿಗೆ ಉಹಲೋಅ ಎಂಬ ಗಿಡದ ಬೇರಿನ ತೊಗಟೆ ಅಗಿಯುತ್ತಾರೆ. ಗಿಡ ಗುರುತಿಸಲು ಬಂದ ಮಾತ್ರಕ್ಕೆ ಮದ್ದು ಕೊಡಲು ಬರುವುದಿಲ್ಲ. ಪೋಪೊಲೊದ ಹಸಿರು ಕಾಯಿ ವಿಷ. ‘ಆವ’ (ಕಾವಾ) ಎಂಬ ಗಿಡದ ಬೇರಿನ ಪಾನೀಯವನ್ನು ಮದ್ಯದ ಜೊತೆಗಾಗಲಿ ಯಕೃತ್ತಿಗೆ ಹೊರೆಯಾಗುವ ಔಷಧಿಗಳ ಜೊತೆಗಾಗಲಿ ಕುಡಿಯಬಾರದು. ನಮ್ಮ ಪರವಾನಗಿ ಮಸಾಜಿಗೆ ಮಾತ್ರ. ಪಾರಂಪರಿಕ ವೈದ್ಯರನ್ನು ಗುರುತಿಸುವುದು ಹಿರಿಯರ ಮಂಡಳಿಗಳ ಕೆಲಸ. ಆದ್ದರಿಂದ ಮದ್ದು ಕೇಳಿ ಬಂದವರನ್ನು ಆ ಹಿರಿಯರ ಬಳಿಗೇ ಕಳಿಸುತ್ತಿದ್ದೇವೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತಿ, ಬಂದವರನ್ನು ಕೂರಿಸಿ ಮಾತಾಡಿಸುವ ಅವರೆಲ್ಲರಿಗೂ ಮಹಲೊ, ಅಂದರೆ ಧನ್ಯವಾದ.