ಮಗಳಿಗೊಂದು ಪತ್ರ: ಪನಿ ಎಂದರೆ ಜ್ವರ

ವಿಜಯಪುರ

ಪ್ರೀತಿಯ ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅಳತೊಡಗಿದಾಗ ನನಗೆ ಮಾತೇ ಹೊರಡಲಿಲ್ಲ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ಕಾಸರಗೋಡಿನ ಕಡೆಯಿಂದ ಕೂಸನ್ನು ಎತ್ತಿಕೊಂಡು ಬಂದ ತಾಯಿ "ಪನಿ, ಪನಿ" ಎಂದಾಗ, ನಿನಗೆ ತಿಳಿದಿದ್ದ ಅಷ್ಟಿಷ್ಟು ಹಿಂದಿಯನ್ನು ನಂಬಿ ನೀನು ನೀರು ತಂದುಕೊಟ್ಟೆ. ಮಲಯಾಳದಲ್ಲಿ ಪನಿ ಎಂದರೆ ಜ್ವರವೆಂದು ಹಿರಿಯ ಸಿಸ್ಟರ್ ಹೇಳಿದ ಮೇಲಷ್ಟೇ ನಿನಗೆ ತಿಳಿಯಿತು. ಮೊದಲೇ ಮೈ ಮುಟ್ಟಿ ನೋಡಬೇಕಿತ್ತೆಂದು ನೀನೇ ಹೇಳಿದೆ. ಅದು ನಿಜ. ಆದರೆ ನಮ್ಮ ಬಯಲುಸೀಮೆಯ ಹುಡುಗಿಯೊಬ್ಬಳು ಮಂಗಳೂರಿನ ಮಕ್ಕಳ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಗಳ ನಡುವೆ ನಿಂತು ಕೆಲಸ ಕಲಿಯುವುದು ಎಷ್ಟು ಕಷ್ಟವೆಂಬುದನ್ನೂ ನಾನು ಬಲ್ಲೆ.

ಇದಕ್ಕಿಂತ ದೊಡ್ಡ ತಪ್ಪು ನನ್ನಿಂದ ಆಗಿತ್ತು. ಈವರೆಗೆ ನಿನಗೆ ಹೇಳಿಲ್ಲ. ನಾನು ನರ್ಸಬಾಯಿಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲಂಬಾಣಿ ತಾಂಡಾದಲ್ಲಿ ವಾಂತಿಭೇದಿಯಾಗಿದ್ದ ಕೂಸಿನ ತಾಯಿಗೆ ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಹಾಕಬೇಕೆಂದು ಕನ್ನಡದಲ್ಲಿ ವಿವರಿಸಿದೆ. ಆಕೆ ತಲೆಯಾಡಿಸಿದಳು. ಮರುದಿನ ಹೋದಾಗ ಪೊಟ್ಟಣವನ್ನೆಲ್ಲ ಒಂದೇ ಲೋಟದಲ್ಲಿ ಕಲಸಿ ಕುಡಿಸುತ್ತಿದ್ದಳು. ಅಷ್ಟು ಗಟ್ಟಿಯಾದ ದ್ರಾವಣದಿಂದ ರಕ್ತದಲ್ಲಿ ಉಪ್ಪಿನಂಶ ಏರಿ ಜೀವಕ್ಕೇ ಅಪಾಯವಾಗಬಹುದು. ಕೂಸನ್ನು ಆಗಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು, ಅದು ಬದುಕಿತು. ತಪ್ಪು ಆಕೆಯದಲ್ಲ. ನರ್ಸಬಾಯಿಯ ಮೇಲಿನ ಗೌರವಕ್ಕೆ ಆಡಿಸಿದ ತಲೆಯನ್ನು ನಾನು ತಿಳಿವಳಿಕೆಯೆಂದು ಭಾವಿಸಿದ್ದೆ. ಅಂದಿನಿಂದ ಮನೆಯ ತಂಬಿಗೆಯನ್ನೇ ತರಿಸಿ, ಲೀಟರ್ ಬಾಟಲಿಯಿಂದ ನೀರು ಅಳೆದು ಹಾಕಿ, ತಾಯಿಯ ಕೈಯಿಂದಲೇ ಕಲಸಿಸಿ ನೋಡದೆ ಹೊಸ್ತಿಲು ದಾಟಿದವಳಲ್ಲ.

ನೀನೂ ಹಾಗೆಯೇ ಮಾಡು. 5 ಮಿ.ಲೀ. ಔಷಧವೆಂದು ಬಾಯಲ್ಲಿ ಹೇಳಿ ಕಳುಹಿಸಬೇಡ, ಮನೆಯ ಚಮಚಗಳು ಒಂದೇ ಅಳತೆಯವಲ್ಲ. ಸಿರಿಂಜಿನಲ್ಲಿ ಎಳೆದು ತೋರಿಸಿ, ಖಾಲಿ ಮಾಡಿ, ತಾಯಿಯ ಕೈಗೆ ಕೊಟ್ಟು ಆಕೆ ಎಳೆಯುವುದನ್ನು ನೋಡು. ಉಸಿರು ಎಣಿಸಲು ಯಾರ ಭಾಷೆಯೂ ಬೇಡ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಉಸಿರು ವೇಗವಾಗಿದೆ ಎಂದೇ ಅರ್ಥ. ಆದರೆ ಪೂರ್ತಿ ಒಂದು ನಿಮಿಷ ಎಣಿಸು.

ನನಗೆ ಹೆಚ್ಚಿನ ಚಿಂತೆ ಅಳದ ಮಗುವಿನದು. ತನ್ನ ಮಾತು ಇಲ್ಲಿ ಯಾರಿಗೂ ತಿಳಿಯದೆಂದು ಗೊತ್ತಾದ ಮಗು ಕೇಳುವುದನ್ನೇ ಬಿಟ್ಟು ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತದೆ, ಗದ್ದಲದ ವಾರ್ಡಿನಲ್ಲಿ ಅದನ್ನು ಎಲ್ಲರೂ ಜಾಣ ಮಗುವೆಂದು ಹೊಗಳುತ್ತಾರೆ. ಮೂರು ವರ್ಷ ದಾಟಿದ ಮಗುವಿಗೆ ನಗುಮುಖದಿಂದ ಅಳುಮುಖದವರೆಗಿನ ಆರು ಮುಖಗಳ ಚಿತ್ರಪಟ್ಟಿಯನ್ನು ತೋರಿಸಿ, ತನ್ನ ನೋವು ಯಾವುದೆಂದು ಅದರ ಬೆರಳಿನಿಂದಲೇ ಮುಟ್ಟಿಸು. ಅದಕ್ಕಿಂತ ಚಿಕ್ಕವರಾದರೆ ಮುಖ, ಕಾಲು, ಚಲನೆ, ಅಳು, ಎತ್ತಿಕೊಂಡಾಗ ಸಮಾಧಾನವಾಗುತ್ತದೆಯೇ ಎಂಬ ಐದಕ್ಕೂ 0ರಿಂದ 2ರವರೆಗೆ ಅಂಕ ಕೊಡುವ ಕ್ರಮವನ್ನು ನಿಮಗೆ ಕಲಿಸಿರುತ್ತಾರೆ. ಮಲಯಾಳದವರೂ ನೋವಿಗೆ 'ನೋವ್' ಎನ್ನುತ್ತಾರೆ, ತುಳುವರು 'ಬೇನೆ' ಎನ್ನುತ್ತಾರೆ. ಎರಡೂ ನಮ್ಮ ಮನೆಯ ಮಾತುಗಳೇ ಅಲ್ಲವೇ? ಅಲ್ಲಿಂದಲೇ ಕಲಿಯತೊಡಗು.

ರೋಗಿಯ ಒಂಬತ್ತು ವರ್ಷದ ಅಕ್ಕನನ್ನು ದುಭಾಷಿ ಮಾಡಿಕೊಂಡೆಯೆಂದು ಹೇಳಿದೆ. ಊಟ, ನೀರು, ಆಟಿಕೆ ಕೇಳಲು ಆಗಬಹುದು. ಕಾಯಿಲೆಯ ಗಂಭೀರ ಮಾತನ್ನು ಮಾತ್ರ ಆ ಹುಡುಗಿಯ ಬಾಯಿಂದ ತಾಯಿಗೆ ಹೇಳಿಸಬೇಡ. ಭಾಷೆ ಬಲ್ಲ ಸಿಬ್ಬಂದಿಯೊಬ್ಬರು ಬರುವವರೆಗೆ ಪಟ್ಟು ಹಿಡಿದು ನಿಲ್ಲು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳುಹಿಸಿದ್ದೇನೆ. ಆ ಕೂಸಿಗೆ ಪನಿ ಬಿಟ್ಟಿತೇ ಎಂಬುದನ್ನು ಮರೆಯದೆ ತಿಳಿಸು.

ನಿನ್ನ ಅವ್ವ