ಗ್ರೀನ್ ಪಾರ್ಕ್ ಮುಟ್ಟಿಸಿದವರಿಗೆ

ಹೋದ ವಾರ ಕಾನ್ಪುರದ ಗ್ರೀನ್ ಪಾರ್ಕ್ ಕ್ರಿಕೆಟ್ ಮೈದಾನ ನೋಡಿಕೊಂಡು ಮನೆಗೆ ಬಂದೆ. ಅರವತ್ತು ದಾಟಿದವನು, ಎರಡೂ ಮಂಡಿ ಬದಲಾಯಿಸಿಕೊಂಡವನು, ಮ್ಯಾಚೇ ಇಲ್ಲದ ದಿನ ಅಷ್ಟು ದೂರ ಹೋಗಿ ಖಾಲಿ ಮೈದಾನ ನೋಡಿ ಬಂದ ಅಂದರೆ ನಗುವವರು ನಗಲಿ. ನನ್ನನ್ನು ಅಲ್ಲಿಗೆ ಮುಟ್ಟಿಸಿದವರು ಬಹಳ ಜನ. ಒಬ್ಬೊಬ್ಬರಿಗೂ ಫೋನ್ ಮಾಡಿದರೆ ಗಂಟಲು ಕಟ್ಟಿ ಮಾತು ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಭದ್ರಾವತಿಯವನು. ಕ್ರಿಕೆಟ್ ಬಲ್ಲವರಿಗೆ ಅಷ್ಟು ಹೇಳಿದರೆ ಸಾಕು. ನಮ್ಮೂರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್ ಆಡಿದ್ದು ಗ್ರೀನ್ ಪಾರ್ಕಿನಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ನಾನಾಗ ಪ್ರೈಮರಿ ಸ್ಕೂಲು. ಆಟಕ್ಕಿಂತ ಹೆಚ್ಚಾಗಿ ನೆನಪಿರುವುದು, ನಮ್ಮ ಬೀದಿಯ ಗಂಡಸರೆಲ್ಲ ಒಂದೇ ರೇಡಿಯೊಗೆ ಕಿವಿಕೊಟ್ಟು ನಿಂತಿದ್ದದ್ದು, ಸೊನ್ನೆಯ ದಿನ ಯಾರೂ ಉಸಿರೆತ್ತದೆ ಮನೆಗೆ ಹೋದದ್ದು.

ಕರ್ನಾಟಕದವರು ದೊಡ್ಡದೇನಾದರೂ ಮಾಡಿದ ಮೈದಾನಗಳನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಹುಚ್ಚು ಯಾವಾಗ ಹತ್ತಿತೋ ಗೊತ್ತಿಲ್ಲ. ಮೊದಲು ಹೋದದ್ದು ಚೆನ್ನೈನ ಚೆಪಾಕ್. 1975ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಎದುರು ತಂಡದ ಮೊತ್ತವೇ 190, ಅದರಲ್ಲಿ ವಿಶಿಯದು, ಅಂದರೆ ನಮ್ಮ ವಿಶ್ವನಾಥರದು, ಔಟಾಗದೆ 97. ಏಳು ವಿಕೆಟ್ ಕಿತ್ತ ಆಂಡಿ ರಾಬರ್ಟ್ಸ್‌ಗೆ ಕೊನೆಯಲ್ಲಿ ಬಲಿಯಾದವರು ನಮ್ಮ ಚಂದ್ರಶೇಖರ್. ಆ ಮೂರು ರನ್ ಬಂದಿದ್ದರೆ ಅದೂ ಒಂದು ಶತಕವಾಗಿ ಪಟ್ಟಿಯಲ್ಲಿ ಸೇರಿಹೋಗುತ್ತಿತ್ತು. ಅದೇ ಚೆಪಾಕಿನಲ್ಲಿ 1934ರಲ್ಲಿ ದೇಶದೊಳಗಿನ ತಂಡಗಳ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ನಡೆದು, ಆಗಿನ ನಮ್ಮ ಮೈಸೂರು ತಂಡ ಒಂದೇ ದಿನದಲ್ಲಿ ಮದ್ರಾಸಿಗೆ ಸೋತದ್ದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ದೆಹಲಿಯ ಕೋಟ್ಲಾಕ್ಕೆ ಕರೆದೊಯ್ದದ್ದು ನನ್ನ ಹಳೆಯ ಸಹೋದ್ಯೋಗಿಯ ಮಗ. 1999ರ ಫೆಬ್ರುವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದ ಜಾಗ, 74 ರನ್‌ಗೆ. ಹತ್ತನೆಯದು ತನ್ನ ಪಾಲಿಗೆ ಬಾರದಿರಲೆಂದು ಜಾವಗಲ್ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಎಸೆದ ಓವರ್ ನೆನೆದರೆ ನನಗೆ ಈಗಲೂ ಕುಂಬ್ಳೆಗಿಂತ ಶ್ರೀನಾಥರ ಮೇಲೆಯೇ ಪ್ರೀತಿ ಉಕ್ಕುತ್ತದೆ. ಮೈದಾನದ ಪಕ್ಕದಲ್ಲಿರುವ ಹಳೇ ಕೋಟೆಯಲ್ಲಿ ಜನ ಜಿನ್ ಎಂಬ ಕಣ್ಣಿಗೆ ಕಾಣದ ಶಕ್ತಿಗಳಿಗೆ ಕಾಗದ ಬರೆದಿಟ್ಟು ಹರಕೆ ಹೊರುತ್ತಾರೆ. ನಾನೂ ಒಂದು ಚೀಟಿ ಇಟ್ಟು ಬಂದೆ. ಏನು ಬರೆದೆ ಅನ್ನುವುದು ಆ ಹುಡುಗನಿಗೆ ಗೊತ್ತು, ಅವನು ಇನ್ನೂ ಯಾರಿಗೂ ಹೇಳಿಲ್ಲ. ಅದಕ್ಕೂ ಥ್ಯಾಂಕ್ಸ್ ಕಣಪ್ಪ.

ಇಷ್ಟೆಲ್ಲ ಸುತ್ತಿದರೂ ಮನಸ್ಸು ಹೆಚ್ಚು ನಿಂತದ್ದು ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ವಿಶ್ವವಿದ್ಯಾಲಯದ ಮೈದಾನ ಅದು, ಸುತ್ತ ಮರಗಳು. 2010ರ ಜನವರಿಯ ರಣಜಿ ಫೈನಲ್, ಎದುರಾಳಿ ಮುಂಬೈ, ಗೆಲ್ಲಲು 338. ಕೂರಲು ಜಾಗವಿಲ್ಲದೆ ಹುಡುಗರು ಮರ ಹತ್ತಿದ್ದರು. ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಆಡುತ್ತಿದ್ದಷ್ಟು ಹೊತ್ತು ಗೆದ್ದೇಬಿಟ್ಟೆವು ಅಂದುಕೊಂಡಿದ್ದೆವು. ಪಾಂಡೆ 144 ಹೊಡೆದರು. ಸೋತದ್ದು 6 ರನ್‌ಗಳಿಂದ. ನನ್ನ ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಹಿರಿಯರೊಬ್ಬರು ಬುತ್ತಿಯ ಚಿತ್ರಾನ್ನವನ್ನು ಅರ್ಧ ನನ್ನ ಕೈಗಿಟ್ಟು, "ತಿನ್ನಿ ಸ್ವಾಮಿ, ಸೋತವರಿಗೂ ಹಸಿವಾಗುತ್ತೆ" ಅಂದಿದ್ದರು. ಎಲ್ಲಿದ್ದರೂ ಅವರಿಗೊಂದು ನಮಸ್ಕಾರ.

ಮಂಡಿ ಕೈಕೊಟ್ಟದ್ದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. 2001ರ ಮಾರ್ಚ್ 14ರಂದು ಲಕ್ಷ್ಮಣ್ ಜತೆ ರಾಹುಲ್ ದ್ರಾವಿಡ್ ಇಡೀ ದಿನ ಔಟಾಗದೆ ನಿಂತ ಅಂಗಳವನ್ನು ಮೇಲಿನಿಂದ ನೋಡೋಣವೆಂದು ಹತ್ತಿದೆ, ಇಳಿಯಲಾಗಲಿಲ್ಲ. ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದ ಇಬ್ಬರು ಬಂಗಾಳಿ ಕಾಲೇಜು ಹುಡುಗರು ದಾರಿಯುದ್ದಕ್ಕೂ ಗಂಗೂಲಿಯ ಬಗ್ಗೆ ಜಗಳವಾಡಿದರು. ಆ ಮಕ್ಕಳು ಚೆನ್ನಾಗಿರಲಿ.

ಆಪರೇಷನ್ ಆದಮೇಲೆ ಕಷ್ಟದ ದಿನಗಳು. ಅದನ್ನು ಹಿಗ್ಗಿಸಿ ಹೇಳುವುದಿಲ್ಲ, ಅನುಭವಿಸಿದವರಿಗೆ ಗೊತ್ತು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಕಬಡ್ಡಿ ಆಡಿದವಳು, ಕ್ರಿಕೆಟ್ ಅಂದರೆ ಮೂಗು ಮುರಿಯುವವಳು. ಆದರೂ ಮಹಡಿ ಮೆಟ್ಟಿಲು ಹತ್ತಿಸುವಾಗ, "ಅಂಕಲ್, ಇದು ನಿಮ್ಮ ಕಾನ್ಪುರ ಗ್ಯಾಲರಿ, ಇನ್ನೊಂದು ಸಾಲು" ಎಂದು ಹುರಿದುಂಬಿಸುತ್ತಿದ್ದಳು. ಅತ್ತರೂ ಬಿಡುತ್ತಿರಲಿಲ್ಲ. ನಿನ್ನ ಕಾಲಿಗೆ ಬೀಳಬೇಕು ತಾಯಿ, ಮಂಡಿ ಬಗ್ಗುವುದಿಲ್ಲ.

ಲೋವರ್ ಬರ್ತಿಗಾಗಿ ಬೆಳಿಗ್ಗೆ ಎದ್ದು ಟಿಕೆಟ್ ಮಾಡಿಸಿದ ಅಳಿಯಂದಿರಿಗೆ, ಜತೆಗೆ ಬಂದ ತಮ್ಮನಿಗೆ ಋಣಿ. ಗೇಟಿನಲ್ಲಿದ್ದ ಕಾವಲುಗಾರ "ಮ್ಯಾಚ್ ನಹೀಂ ಹೈ" ಎಂದು ನಮ್ಮನ್ನು ಸಾಗಹಾಕುವುದರಲ್ಲಿದ್ದ. ಒಳಗಿನಿಂದ ಬಂದ, ತಲೆ ನರೆತ ಮಾಲಿಯೊಬ್ಬರು ವಿಶ್ವನಾಥ್ ಹೆಸರು ಕೇಳಿ, "ಗಾವಸ್ಕರ್ ಕೇ ಬೆಹನೋಯಿ?" ಎಂದರು, ಅಂದರೆ ಗಾವಸ್ಕರ್ ಸೋದರಿಯ ಗಂಡನಾ ಅಂತ. ಭದ್ರಾವತಿಯಲ್ಲಿ ನಾವು ಗಾವಸ್ಕರ್ ಅವರನ್ನೇ ವಿಶಿಯ ಭಾವಮೈದ ಅನ್ನುವುದು. ಆದರೆ ವಾದಕ್ಕಿಳಿಯಲಿಲ್ಲ, ಗೇಟು ತೆರೆದಿತ್ತು. ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಎಷ್ಟು ಹೊತ್ತು ಬೇಕಾದರೂ ಕೂರಿ ಎಂದು ಪ್ಲಾಸ್ಟಿಕ್ ಕುರ್ಚಿಯನ್ನೂ ತಂದಿಟ್ಟರು.

2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ ಮೇಲೆ ಯಾವ ಗೇಟು ಕಂಡರೂ ಎದೆ ಬಿಗಿಯುತ್ತದೆ. ಒಳಗೆ ಹೋಗಬೇಕೆಂಬ ಆಸೆಯೊಂದೇ ಇದ್ದ ಮಕ್ಕಳು ಅವರು. ಕಾನ್ಪುರದಲ್ಲಿ ಆ ಕುರ್ಚಿಯ ಮೇಲೆ ಕೂತಾಗ ಅವರೆಲ್ಲ ನೆನಪಾದರು.

ಕೊನೆಯದಾಗಿ, ಕ್ರಿಕೆಟ್ಟಿನ ಗಂಧವೇ ಇಲ್ಲದೆ ಇಷ್ಟು ವರ್ಷ ನನ್ನ ಹುಚ್ಚನ್ನು ಸಹಿಸಿಕೊಂಡ ನನ್ನ ಹೆಂಡತಿಗೆ. 1976ರಲ್ಲಿ ಭಾರತ 406 ರನ್ ಹೊಡೆದು ಗೆದ್ದ, ವಿಶಿ 112 ಗಳಿಸಿದ, ವೆಸ್ಟ್ ಇಂಡೀಸ್‌ನ ಪೋರ್ಟ್ ಆಫ್ ಸ್ಪೇನ್ ಮೈದಾನದ ಮಾತು ನಿನ್ನೆ ಮೆಲ್ಲಗೆ ಎತ್ತಿದೆ. ಅದು ಎಲ್ಲಿದೆ ಅಂತ ಮೊದಲು ಮೊಮ್ಮಗಳ ಗ್ಲೋಬಿನಲ್ಲಿ ತೋರಿಸಿ ಅಂದಳು. ತೋರಿಸಿದೆ. ಇನ್ನೂ ಉತ್ತರ ಬಂದಿಲ್ಲ.