ಕೂತ್ಕೋ, ವೇಷವೇ ಹೇಳ್ತದೆ

ಮಲ್ಪೆ
ಜೂನ್ 22

ಪ್ರೀತಿಯ ಮಗಳೇ,

ನೀನು ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಜಗಲಿಯಲ್ಲೇ ಕೂತಿದ್ದೆ. "ದೊಡ್ಡಮ್ಮ, ನೂರು ಪುಟ ಓದಿದೆ, ಯಾರು ಯಾರೂಂತ ತಲೆಗೇ ಹೋಗ್ತಿಲ್ಲ, ಬಿಟ್ಟುಬಿಡ್ತೇನೆ" ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಲಿಲ್ಲ. 'ದಿ ಎಕ್ಸ್‌ಪ್ಯಾನ್ಸ್' ಎಂಬ ಬಾಹ್ಯಾಕಾಶ ಕಾದಂಬರಿ ಸರಣಿಯ ಆ ಮೊದಲ ಪುಸ್ತಕ ನಾನು ಕೊಟ್ಟದ್ದು ಅಂತ ಬೇಸರ ಅಲ್ಲ. ಪಂಕ್ತಿಯಲ್ಲಿ ಕೂತು, ಉಪ್ಪಿನಕಾಯಿ ಬಡಿಸಿದ ಕೂಡಲೇ ಎದ್ದು ಹೋದ ಹಾಗೆ ಆಗುತ್ತದಲ್ವಾ ಅಂತ ಬೇಸರ. ಮಳೆಗೆ ಸಿಗ್ನಲ್ ಕಡಿದು ಕಡಿದು ಹೋಗುತ್ತಿತ್ತು, ಫೋನಿನಲ್ಲಿ ಎಲ್ಲ ಹೇಳಲಿಕ್ಕೆ ಆಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ಊಟ ಆದ ಮೇಲೆ ಸಾವಕಾಶ ಓದು.

ನನಗೆ ಏಳೆಂಟು ವರ್ಷ ಇರುವಾಗ ಅಜ್ಜ ಮೊದಲ ಸಲ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದರು. ಗದ್ದೆಯಲ್ಲಿ ಚಾಪೆ ಹಾಸಿ ಕೂತದ್ದು. ಒಂದು ವೇಷ ಬಂತು, ಕುಣಿಯಿತು. ಇನ್ನೊಂದು ಬಂತು. ನನಗೆ ಒಬ್ಬರದ್ದೂ ಗುರುತು ಇಲ್ಲ. "ಅಜ್ಜ, ಇವ ಯಾರು? ಅವ ಒಳ್ಳೆಯವನಾ?" ಅಂತ ಒಂದೇ ಸಮ ಕೇಳಿದೆ. ಅಜ್ಜ ಭುಜ ಹಿಡಿದು ಕೂರಿಸಿ, "ಕೂತ್ಕೋ, ವೇಷವೇ ಹೇಳ್ತದೆ" ಅಂದರು. ಹಾಗೇ ಆಯಿತು. ಕುಣಿತ ಮುಗಿಸಿ, ಭಾಗವತರ ಕಡೆ ತಿರುಗಿ, ವೇಷ ತಾನು ಯಾರು, ಯಾವ ಊರಿನ ಅರಸ, ಯಾಕೆ ಬಂದೆ ಅಂತ ತಾನೇ ಹೇಳಿತು. ನಡುರಾತ್ರಿ ನಿದ್ದೆ ಬಂತು. ಚೆಂಡೆಯ ಸದ್ದಿಗೆ ಎಚ್ಚರವಾದಾಗ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುತ್ತಿತ್ತು. ನಡುವಿನ ಕಥೆ ತಪ್ಪಿದ್ದರೂ ಆಟ ತಪ್ಪಲಿಲ್ಲ. ಬೆಳಗಾಗುವಾಗ ಎಲ್ಲರೂ ನನಗೆ ಪರಿಚಯದವರೇ ಆಗಿದ್ದರು.

ಒಂಬತ್ತು ದಪ್ಪ ಪುಸ್ತಕಗಳ ಈ ಸರಣಿಯನ್ನೂ ಹಾಗೆಯೇ ಕೂತು ನೋಡಬೇಕು. ನೀನು ಅದನ್ನು ಪರೀಕ್ಷೆಯ ಸಿಲೆಬಸ್ ಹಾಗೆ ಹಿಡಿದಿದ್ದಿ. ಹೆಸರುಗಳ ಪಟ್ಟಿ ಮಾಡಿಕೊಂಡಿದ್ದೇನೆ ಅಂದೆಯಲ್ಲ, ಆ ಹಾಳೆ ತೆಗೆದು ಬದಿಗಿಡು. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಒಬ್ಬರ ಹೆಸರು ಉಂಟು, ಗಮನಿಸಿದ್ದೀಯಾ? ಮೊದಲ ಪುಸ್ತಕದಲ್ಲಿ ಶುರು ಮತ್ತು ಕೊನೆ ಬಿಟ್ಟರೆ ಎರಡೇ ಹೆಸರು, ಒಂದಾದ ಮೇಲೆ ಒಂದು. ಹೋಲ್ಡನ್ ಹಡಗಿನಲ್ಲಿರುವವನು. ಮಿಲ್ಲರ್ ಸೀರಿಸ್ ಎಂಬ ಕುಬ್ಜಗ್ರಹದಲ್ಲಿರುವ ಪತ್ತೇದಾರ. ಇವರಿಬ್ಬರ ಕೈ ಹಿಡಿದುಕೋ ಸಾಕು. ಭೂಮಿಯ ರಾಜಕೀಯ, ಮಂಗಳದ ಸೇನೆ, ಮಂಗಳ, ಗುರುಗಳ ನಡುವಿನ ಕ್ಷುದ್ರಗ್ರಹಗಳ ಬೆಲ್ಟಿನಲ್ಲಿ ಬದುಕುವವರ ಸಿಟ್ಟು ಎಲ್ಲ ಅವರ ಹಿಂದೆಯೇ ಬರುತ್ತದೆ.

ಭಾಷೆಯ ಬಗ್ಗೆಯೂ ಹೇಳಿದೆ, ಬೆಲ್ಟಿನವರು ಏನೋ ಅರ್ಥ ಆಗದ ಪದ ಹಾಕಿ ಮಾತಾಡುತ್ತಾರೆ ಅಂತ. ನೀನು ಮಂಗಳೂರಿನಲ್ಲಿ ಇರುವವಳು ಮಾರಾಯ್ತಿ! ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಕಿವಿ ಕೊಟ್ಟು ನೋಡು. ಒಬ್ಬರು ತುಳುವಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಕೊಂಕಣಿಯಲ್ಲಿ ಗೊಣಗುತ್ತಾರೆ, ಬ್ಯಾರಿ ಭಾಷೆ ಒಂದು ಕಡೆ, ಮಲಯಾಳ ಒಂದು ಕಡೆ, ಕಂಡಕ್ಟರ್ "ರೈಟ್, ಪೋಯಿ" ಅಂದರೆ ಎಲ್ಲರಿಗೂ ಅರ್ಥ. ಬೆಲ್ಟಿನವರ ಮಾತು ಕೂಡ ಹೊಟ್ಟೆಪಾಡಿಗೆ ನಾಲ್ಕು ದೇಶಗಳಿಂದ ಹೋದವರು ಒಟ್ಟಿಗೆ ಬದುಕಿ ಮಾಡಿಕೊಂಡದ್ದು. ಅವರು ಕೈಸನ್ನೆ ಜಾಸ್ತಿ ಮಾಡುತ್ತಾರೆ. ಯಾಕೆ ಹೇಳು? ಬಾಹ್ಯಾಕಾಶದ ಉಡುಪು ಹಾಕಿಕೊಂಡರೆ ತಲೆ ಅಲ್ಲಾಡಿಸಿದ್ದು, ಭುಜ ಹಾರಿಸಿದ್ದು ಎದುರಿನವರಿಗೆ ಕಾಣುವುದಿಲ್ಲ. ಹಾಗಾಗಿ ಹೌದು ಅನ್ನುವುದನ್ನೂ ಕೈಯಲ್ಲೇ ಹೇಳುತ್ತಾರೆ. ಕೆಲಸವೇ ಅವರ ಮೈಯನ್ನೂ ಮಾತನ್ನೂ ತಿದ್ದಿದೆ. ಇಂಥ ಕಡೆ ಡಿಕ್ಷನರಿ ತೆಗೆಯಬೇಡ, ಓದುತ್ತಾ ಹೋಗು.

ನನಗೆ ಈ ಕಥೆ ಮೊದಲ ಪುಟಗಳಲ್ಲೇ ಹತ್ತಿರ ಆದದ್ದಕ್ಕೆ ಒಂದು ಕಾರಣ ಉಂಟು. ಹೋಲ್ಡನ್ ಇರುವ ಹಡಗು ಯುದ್ಧದ ಹಡಗಲ್ಲ, ಐಸ್ ಸಾಗಿಸುವ ಹಡಗು. ಶನಿಗ್ರಹದ ಬಳೆಗಳಿಂದ ಐಸ್ ತಂದು, ನೀರಿಲ್ಲದ ಜಾಗಗಳಿಗೆ ಹಾಕುವ ಕೆಲಸ. ನಮ್ಮ ಬಂದರಿನಲ್ಲಿ ಬೋಟ್ ಕಡಲಿಗೆ ಹೋಗುವ ಮೊದಲು ಐಸ್ ತುಂಬುವುದನ್ನು ನೀನು ಸಣ್ಣವಳಿರುವಾಗ ನೋಡಿದ್ದಿ. ದೊಡ್ಡ ಗಡ್ಡೆಯನ್ನು ಯಂತ್ರಕ್ಕೆ ತಳ್ಳುತ್ತಾರೆ, ಅದು ಕರಕರ ಅಂತ ಪುಡಿಯಾಗಿ ಬೋಟಿನ ಹೊಟ್ಟೆಗೆ ಸುರಿಯುತ್ತದೆ, ಹುಡುಗರು ಬರಿಗಾಲಲ್ಲಿ ನಿಂತು ಸಲಿಕೆಯಲ್ಲಿ ಹರಡುತ್ತಾರೆ. ಆಮೇಲೆ ಹತ್ತು ಹನ್ನೆರಡು ದಿನ ಅದೇ ಏಳೆಂಟು ಜನ, ಅದೇ ಅಡುಗೆ, ಅದೇ ಜಗಳ. ಬಾಹ್ಯಾಕಾಶದ ಕಥೆ ಅಂದರೆ ರಾಜಕುಮಾರರೂ ಚಕ್ರವರ್ತಿಗಳೂ ಅಂದುಕೊಂಡಿದ್ದೆ. ಇಲ್ಲಿ ಸಂಬಳಕ್ಕೆ ದುಡಿಯುವವರು. ಹೋಲ್ಡನ್‌ಗೆ ಒಳ್ಳೆ ಕಾಫಿ ಸಿಕ್ಕಿದರೆ ದಿನ ಒಳ್ಳೆಯದಾಗುತ್ತದೆ. ಮುಂದೆ ಅವರಿಗೆ ಬೇರೆ ಹಡಗು ಸಿಗುತ್ತದೆ, ಅದಕ್ಕೆ ಡಾನ್ ಕ್ವಿಕ್ಸೋಟ್‌ನ ಬಡಕಲು ಕುದುರೆಯ ಹೆಸರು ಇಡುತ್ತಾರೆ. ಅದರಲ್ಲಿ ನಾಲ್ಕು ಜನ ಊಟಕ್ಕೆ ಕೂರುವ ಪುಟ ಬಂದರೆ ನಾನು ಬೇಕಂತಲೇ ನಿಧಾನ ಓದುತ್ತೇನೆ.

ವಿಜ್ಞಾನ ಪಾಠ ಮಾಡಿದ ಕೈ, ಲೆಕ್ಕ ಹಾಕದೆ ಇರಲಿಲ್ಲ. ಲೇಖಕರು ಒಂದು ಎಂಜಿನ್ ಕಲ್ಪಿಸಿಕೊಂಡಿದ್ದಾರೆ, ಎಪ್‌ಸ್ಟೀನ್ ಡ್ರೈವ್ ಅಂತ. ಅದು ನಿಲ್ಲದೆ ತಳ್ಳುತ್ತಾ ಇರುತ್ತದೆ. ಅಷ್ಟು ಒಂದನ್ನು ನಂಬಿದರೆ ಉಳಿದದ್ದರಲ್ಲಿ ಹೆಚ್ಚಿನದು ನಾನು ಒಂಬತ್ತನೇ ಕ್ಲಾಸಿಗೆ ಕಲಿಸಿದ ಚಲನೆಯ ಪಾಠವೇ. ಮಂಗಳ ನಮಗೆ ತೀರಾ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿಲೋಮೀಟರ್. ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷದಲ್ಲಿ ಅರ್ಧ ದಾರಿ ಹೋಗು, ಆಮೇಲೆ ಹಡಗನ್ನು ತಿರುಗಿಸಿ, ಎಂಜಿನ್ ಮುಂದೆ ಮಾಡಿ, ಉಳಿದರ್ಧ ಬ್ರೇಕ್ ಹಾಕು. ಕ್ಯಾಲೆಂಡರಿನ ಹಿಂದೆ ಬರೆದು ನೋಡಿದೆ, ಸುಮಾರು 42 ಗಂಟೆ ಬಂತು. ನಮ್ಮ ಮಂಗಳಯಾನ 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮುಟ್ಟಿತು. ವ್ಯತ್ಯಾಸ ನೋಡು! ಎಂಜಿನ್ ತಳ್ಳುವಾಗ ಕಾಲು ನೆಲಕ್ಕೆ ಅಂಟಿಕೊಂಡಿರುತ್ತದೆ, ಆರಿಸಿದ ಕೂಡಲೇ ಎಲ್ಲ ತೇಲುತ್ತದೆ. ಅದಕ್ಕೇ ಅವರ ಹಡಗಿನ ಒಳಗೆ ಮಹಡಿ ಮನೆಯ ಹಾಗೆ ಒಂದರ ಮೇಲೆ ಒಂದು ಅಂತಸ್ತು, ಎಂಜಿನ್ ತಳದಲ್ಲಿ. ಇದು ತಲೆಯಲ್ಲಿ ಕೂತರೆ ಜಗಳ, ಬೆನ್ನಟ್ಟುವುದು ಎಲ್ಲ ಕಣ್ಣಿಗೆ ಕಟ್ಟುತ್ತದೆ. ನೀನು ಎಂಜಿನಿಯರಿಂಗ್ ಓದುವವಳು, ನನಗಿಂತ ಚೆನ್ನಾಗಿ ಹಾಕುತ್ತಿ ಲೆಕ್ಕ.

ಆದರೆ ನನ್ನನ್ನು ಆ ಪುಸ್ತಕಕ್ಕೆ ಕಟ್ಟಿಹಾಕಿದ್ದು ಎಂಜಿನ್ ಅಲ್ಲ. ಎಷ್ಟು ಒಳ್ಳೆ ಎಂಜಿನ್ ಕೊಟ್ಟರೂ, ಬೆಳಕಿಗಿಂತ ಬೇಗ ಮಾತು ಹೋಗುವ ಯಂತ್ರವನ್ನು ಅವರು ಆ ಜನರ ಕೈಗೆ ಕೊಡಲಿಲ್ಲ. ಭೂಮಿಯಿಂದ ಮಂಗಳಕ್ಕೆ ಒಂದು ಮಾತು ಮುಟ್ಟಲಿಕ್ಕೆ ಹತ್ತಿರ ಇದ್ದರೆ 3 ನಿಮಿಷ, ದೂರ ಹೋದರೆ 22 ನಿಮಿಷ. ಶನಿಯವರೆಗೆ ಅಂದರೆ ಒಂದು ಗಂಟೆಯ ಮೇಲೆಯೇ. ಎದುರುಬದುರು ಮಾತು ಅಸಾಧ್ಯ. ಹೇಳಬೇಕಾದ್ದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಆಮೇಲೆ ಕಾಯುತ್ತಾರೆ.

ನಿನ್ನ ದೊಡ್ಡಪ್ಪ ಮಸ್ಕತ್ತಿನಲ್ಲಿದ್ದ ಕಾಲ ನಿನಗೆ ಗೊತ್ತಿಲ್ಲ. ಆಗ ಈ ಊರಿನ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಕ್ಯಾಸೆಟ್ ಬರುತ್ತಿತ್ತು. ಟ್ರಂಕ್ ಕಾಲ್‌ಗೆ ದುಡ್ಡು ಜಾಸ್ತಿ, ಪತ್ರದಲ್ಲಿ ಸ್ವರ ಇಲ್ಲ. ರಜೆಯಲ್ಲಿ ಬರುವವರ ಕೈಯಲ್ಲಿ ಒಂದು ಅರುವತ್ತು ನಿಮಿಷದ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಮಕ್ಕಳು ಮಲಗಿದ ಮೇಲೆ ಕೇಳುತ್ತಿದ್ದೆ. ಅವರಿಗೆ ಒಂದು ಅಭ್ಯಾಸ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದರು. "ತೋಟಕ್ಕೆ ನೀರು ಬಿಟ್ಟಿದ್ದೀರಾ?" ಅಂತ ಕೇಳಿ, ಸುಮ್ಮನೆ. ಟೇಪ್ ಸುತ್ತುವ ಸದ್ದು ಮಾತ್ರ. ನಾನು ಆ ಖಾಲಿಯಲ್ಲಿ, "ಬಿಟ್ಟಿದ್ದೇವೆ" ಅಂತ ಗಟ್ಟಿಯಾಗಿ ಹೇಳುತ್ತಿದ್ದೆ. ಒಂದು ಕ್ಯಾಸೆಟ್ಟಿನಲ್ಲಿ "ಅಮ್ಮನ ಜ್ವರ ಬಿಟ್ಟಿತಾ?" ಅಂತ ಕೇಳಿದ್ದರು. ಅದು ಕೈಗೆ ಬರುವಾಗ ಅತ್ತೆ ತೀರಿಹೋಗಿ ಹನ್ನೆರಡು ದಿನ ಆಗಿತ್ತು. ಟೆಲಿಗ್ರಾಂ ಅವರಿಗೆ ಮುಟ್ಟಿತ್ತು, ಸುದ್ದಿ ಗೊತ್ತಿತ್ತು. ಆದರೆ ಆ ಸ್ವರಕ್ಕೆ ಗೊತ್ತಿರಲಿಲ್ಲ. ಆ ಸಲ ನಾನು ಏನೂ ಉತ್ತರ ಕೊಡಲಿಲ್ಲ.

ಈ ಪುಸ್ತಕಗಳಲ್ಲಿ ಒಬ್ಬರು ಕ್ಯಾಮೆರಾದ ಎದುರು ಕೂತು, ಎಲ್ಲೋ ದೂರ ಇರುವವರಿಗೆ ಮಾತು ಕಳಿಸುವ ಪುಟ ಬಂದಾಗ ನನಗೆ ಮುಂದೆ ಓದಲಿಕ್ಕೆ ಆಗಲಿಲ್ಲ. ಜಗಲಿಗೆ ಹೋಗಿ ನಿನ್ನ ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಆಮೇಲೆ, ಮೊದಲ ಸಲ, ನಾನು ಅವರ ಖಾಲಿಗಳಲ್ಲಿ ಉತ್ತರ ಹೇಳುತ್ತಿದ್ದದ್ದನ್ನೂ ಹೇಳಿದೆ. ಅವರು ಪೇಪರ್ ಮಡಚಿ ಇಟ್ಟರು. "ನೀನು ಹೇಳ್ತಿ ಅಂತಲೇ ಜಾಗ ಬಿಡ್ತಿದ್ದೆ" ಅಂದರು. ಮೂವತ್ತೈದು ವರ್ಷ ಆದ ಮೇಲೆ, ಮಗಳೇ.

ಇನ್ನು ನಿನ್ನ ಅಪ್ಪ "ಇದೆಲ್ಲ ಟೈಮ್ ವೇಸ್ಟ್" ಅಂದ ವಿಷಯ. ಅವನ ಮೇಲೆ ಸಿಟ್ಟು ಮಾಡಬೇಡ. ಇಂಥ ಬಾಹ್ಯಾಕಾಶದ ಸಾಹಸ ಕಥೆಗಳಿಗಿರುವ ಸ್ಪೇಸ್ ಒಪೆರಾ ಅನ್ನುವ ಹೆಸರು ಹುಟ್ಟಿದ್ದೇ ಬೈಗುಳವಾಗಿ. 1941ರಲ್ಲಿ ವಿಲ್ಸನ್ ಟಕರ್ ಎಂಬ ಬರಹಗಾರ, ಸವೆದುಹೋದ ಬಾಹ್ಯಾಕಾಶ ಕಥೆಗಳನ್ನು ಹೀಗಳೆಯಲಿಕ್ಕೆ ಅದನ್ನು ಬಳಸಿದ. ರೇಡಿಯೋದಲ್ಲಿ ಸಾಬೂನು ಕಂಪನಿಗಳು ನಡೆಸುತ್ತಿದ್ದ ಧಾರಾವಾಹಿಗಳಿಗೆ ಸೋಪ್ ಒಪೆರಾ ಅನ್ನುತ್ತಿದ್ದರಲ್ಲ, ಅದರದ್ದೇ ಛಾಯೆ. ಆಮೇಲೆ ಬರೆದವರು ಅದೇ ಹೆಸರಿನಲ್ಲಿ ಒಳ್ಳೊಳ್ಳೆ ಕೆಲಸ ಮಾಡಿದರು. ನಮ್ಮ ಪಕ್ಕದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡದ ಮುಂದಾಳು. ಆ ದಿನ ಸಂತೋಷ ಪಟ್ಟ ಊರು ಇದು. ಆಕಾಶದ ಬಗ್ಗೆ ಕಥೆ ಓದಿದರೆ ಅಷ್ಟು ತಪ್ಪಾ? ಅಪ್ಪನಿಗೆ ಎದುರು ವಾದ ಬೇಡ. ಪರೀಕ್ಷೆ ಚೆನ್ನಾಗಿ ಬರೆ, ರಾತ್ರಿ ಒಂದು ಅಧ್ಯಾಯ ಓದು.

ನಿನ್ನ ಗೆಳತಿ ಹೇಳಿದ ಹಾಗೆ ಸಾರಾಂಶದ ವಿಡಿಯೋ ನೋಡಬೇಡ, ದಯವಿಟ್ಟು. ಟಿವಿ ಸರಣಿಯೂ ಆಮೇಲೆ ಆಗಲಿ. ಡೇನಿಯಲ್ ಅಬ್ರಹಾಂ, ಟೈ ಫ್ರಾಂಕ್ ಇಬ್ಬರು ಸೇರಿ, ಜೇಮ್ಸ್ ಎಸ್. ಎ. ಕೋರಿ ಎಂಬ ಒಂದೇ ಹೆಸರಿನಲ್ಲಿ, 2011ರಿಂದ 2021ರವರೆಗೆ 'ದಿ ಎಕ್ಸ್‌ಪ್ಯಾನ್ಸ್' ಬರೆದರು. ಮೊದಲಿಂದ ಹಿಂಬಾಲಿಸಿದ ಓದುಗರು ಆ ಜನರ ಜೊತೆ ಹತ್ತು ವರ್ಷ ಬದುಕಿದ್ದಾರೆ. ಹತ್ತು ನಿಮಿಷದಲ್ಲಿ ಯಾರು ಸತ್ತರು ಅಂತ ತಿಳಿದುಕೊಂಡರೆ ನಿನಗೆ ಎಂತ ಸಿಕ್ಕಿತು? ಬಂದ ಕ್ರಮದಲ್ಲೇ ಓದು. ಹಿಂದಿನ ಕಥೆ ಹೇಳುವ ಸಣ್ಣ ಪುಸ್ತಕಗಳಿವೆ, ಅವನ್ನು ಮೊದಲು ಹಿಡಿಯಬೇಡ. ಆರನೆಯದು ಮುಗಿದ ಮೇಲೆ ಒಂದು ತಿಂಗಳು ಬಿಡು. ಯಾಕೆ ಅಂತ ಏಳನೆಯದು ತೆರೆದಾಗ ನಿನಗೇ ಗೊತ್ತಾಗುತ್ತದೆ.

ಎರಡನೆಯ ಪುಸ್ತಕದಲ್ಲಿ ಅವಸರಾಲ ಅನ್ನುವ ಒಬ್ಬ ಅಜ್ಜಿ ಬರುತ್ತಾಳೆ. ಸೀರೆ ಉಡುತ್ತಾಳೆ, ಭೂಮಿಯ ದೊಡ್ಡ ಹುದ್ದೆಯಲ್ಲಿದ್ದಾಳೆ, ಬಾಯಿ ತೆರೆದರೆ ಬೈಗುಳ. ಗಂಡನಿಗೆ ಕವಿತೆ ಅಂದರೆ ಪ್ರಾಣ. ಅವಳಿಗೋಸ್ಕರವಾದರೂ ಮೊದಲನೆಯದನ್ನು ಮುಗಿಸು. ಅವಳು ಗಂಡನ ಜೊತೆ ಮಾತಾಡುವಾಗ ಸ್ವರ ಹೇಗೆ ಬದಲಾಗುತ್ತದೆ ನೋಡು.

ಈಗ ಬಂದರಿನಲ್ಲಿ ಸದ್ದಿಲ್ಲ. ಜೂನ್, ಜುಲೈ 61 ದಿನ ಬೋಟಿಗೆ ರಜೆ, ಎಲ್ಲ ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದ್ದಾರೆ. ಆಗಸ್ಟಿನ ಮೊದಲ ವಾರ ಒಂದು ಶನಿವಾರ ಬಾ. ಬೆಳಿಗ್ಗೆ ಬೇಗ ಎದ್ದರೆ ಐಸ್ ತುಂಬುವುದನ್ನು ನೋಡಬಹುದು. ಎರಡನೆಯ ಪುಸ್ತಕ ತೆಗೆದಿಟ್ಟಿದ್ದೇನೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದೇನೆ, ಅಳಿಸಬೇಡ. ಅಷ್ಟರೊಳಗೆ ಮಿಲ್ಲರ್‌ನ ಟೋಪಿ ಬಗ್ಗೆ ನಿನಗೆ ಏನನ್ನಿಸಿತು ಅಂತ ಒಂದು ಕಾಗದ ಹಾಕು. ಫೋನ್ ಬೇಡ. ಕಾಯುತ್ತೇನೆ.

ನಿನ್ನ
ದೊಡ್ಡಮ್ಮ